ಕಪ್ಪೆಯ ತೊಗಲಿನಲ್ಲೊಂದು ಗುರಾಣಿ

ಮೊಣಕಾಲು ತರಚಿಕೊಂಡು ಮನೆಗೆ ಬಂದ ಮಗುವಿಗೆ ತಾಯಿ ಹೇಳುವ ಮೊದಲ ಮಾತು: 'ಇನ್ನು ನಾಲ್ಕು ದಿನ ಕೆರೆ ಕಡೆ ಹೋಗಬೇಡ, ಕೀವಾಗುತ್ತೆ.' ಮಾತು ನಿಜವೇ. ಕೊಳೆತ ನೀರಿನ ಒಂದು ಹನಿಯಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾಗಳು ಇರಬಹುದು. ತೆರೆದ ಗಾಯ ಅವಕ್ಕೆ ತೆರೆದ ಬಾಗಿಲು. ಆದರೆ ಅದೇ ಕೆರೆಯಲ್ಲಿ ಹುಟ್ಟಿ, ಅದೇ ಪಾಚಿಯಲ್ಲಿ ಬೆಳೆದು, ದಿನವೂ ಕಲ್ಲಿಗೆ ಮುಳ್ಳಿಗೆ ಮೈಯುಜ್ಜಿಕೊಳ್ಳುವ ಕಪ್ಪೆಗೆ ಈ ಬುದ್ಧಿಮಾತು ಹೇಳುವವರು ಯಾರು? ಅದರ ಗಾಯಕ್ಕೆ ಡೆಟಾಲ್ ಹಚ್ಚುವವರು ಯಾರು?

ಇಂಥದೊಂದು ಪ್ರಶ್ನೆ 1986ರ ಸುಮಾರಿಗೆ ಮೈಕೆಲ್ ಝಾಸ್ಲಾಫ್ ಎಂಬವರ ತಲೆ ಹೊಕ್ಕಿತು. ಅವರು ವೈದ್ಯರೂ ಹೌದು, ತಳಿವಿಜ್ಞಾನಿಯೂ ಹೌದು. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ. ಕಪ್ಪೆಗಳ ರೋಗ-ರುಜಿನ ಅವರ ವಿಷಯವೇ ಆಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಕಪ್ಪೆಯ ಅಂಡಗಳು ಮಾತ್ರ. ಅದಕ್ಕಾಗಿ ಆಫ್ರಿಕಾದ 'ಝೆನೋಪಸ್' ಎಂಬ ಉಗುರುಗಾಲಿನ ಕಪ್ಪೆಗಳನ್ನು ಸಾಕಿದ್ದರು. ಹೆಣ್ಣು ಕಪ್ಪೆಯ ಹೊಟ್ಟೆಯನ್ನು ಸಣ್ಣದಾಗಿ ಸೀಳಿ, ಅಂಡಾಶಯ ತೆಗೆದು, ನಾಲ್ಕು ಹೊಲಿಗೆ ಹಾಕಿ ಮತ್ತೆ ತೊಟ್ಟಿಗೆ ಬಿಡುವುದು. ಇದು ಅಲ್ಲಿನ ನಿತ್ಯದ ಕೆಲಸ.

(ಅಂದ ಹಾಗೆ, ಈ ಝೆನೋಪಸ್ ಕಪ್ಪೆ ಪ್ರಯೋಗಾಲಯಗಳಿಗೆ ಬಂದ ಕಥೆಯೇ ಬೇರೆ. 1930ರ ದಶಕದಿಂದ ಸುಮಾರು 1960ರ ದಶಕದವರೆಗೆ ಅನೇಕ ದೇಶಗಳಲ್ಲಿ ಹೆಂಗಸರ ಗರ್ಭಪರೀಕ್ಷೆಗೆ ಇದೇ ಕಪ್ಪೆ ಬಳಕೆಯಾಗುತ್ತಿತ್ತು. ಮೂತ್ರದ ಅಂಶವನ್ನು ಕಪ್ಪೆಗೆ ಚುಚ್ಚುವುದು, ಅದು ಮೊಟ್ಟೆ ಇಟ್ಟರೆ ಆ ಹೆಂಗಸು ಬಸುರಿ. ಹಾಗಾಗಿ ಆಫ್ರಿಕಾದ ಈ ಪ್ರಾಣಿ ಜಗತ್ತಿನ ಊರೂರಿನ ಆಸ್ಪತ್ರೆಗಳ ತೊಟ್ಟಿಗಳಿಗೆ ಬಂದು ಸೇರಿತು.)

ತೊಟ್ಟಿಯ ನೀರು ಶುದ್ಧವಾದುದೇನಲ್ಲ. ಕಪ್ಪೆಗಳ ಮಲ, ತಿಂದುಳಿದ ಆಹಾರ, ಲೋಳೆ ಎಲ್ಲ ಅದರಲ್ಲೇ. ಮನುಷ್ಯನ ಹೊಟ್ಟೆ ಕೊಯ್ದು, ಹೊಲಿದು, ಅಂಥ ನೀರಿನಲ್ಲಿ ಮಲಗಿಸಿದರೆ ವಾರದೊಳಗೆ ನಂಜೇರಿ ಜೀವಕ್ಕೇ ಕುತ್ತು. ಕಪ್ಪೆಗಳಿಗೋ ಏನೂ ಆಗುತ್ತಿರಲಿಲ್ಲ. ಕೆಂಪಗಾಗುವುದಿಲ್ಲ, ಕೀವಿಲ್ಲ, ಗಾಯ ತಾನಾಗಿ ಕೂಡಿಕೊಳ್ಳುತ್ತಿತ್ತು. ಎಷ್ಟೋ ದೇಶಗಳ ಎಷ್ಟೋ ವಿಜ್ಞಾನಿಗಳು ಇದೇ ಕಪ್ಪೆಯನ್ನು ಕೊಯ್ದು ಹೊಲಿದು ಬಿಟ್ಟಿದ್ದರು. ಗಾಯ ಮಾಯುವುದನ್ನು ಎಲ್ಲರೂ ನೋಡಿದ್ದರು. ಏಕೆ ಮಾಯುತ್ತದೆ ಎಂದು ಕೇಳಿದವರು ಝಾಸ್ಲಾಫ್.

ಅವರು ಅಂಡಗಳ ಕೆಲಸ ಬದಿಗಿಟ್ಟು ಕಪ್ಪೆಯ ತೊಗಲನ್ನು ಹಿಡಿದು ಕುಳಿತರು. ತೊಗಲನ್ನು ಅರೆದು, ಅದರ ಸಾರವನ್ನು ಬಗೆಬಗೆಯಾಗಿ ಬೇರ್ಪಡಿಸಿ, ಒಂದೊಂದು ಪಾಲನ್ನೂ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿದರು. ಕೊನೆಗೆ ಕೈಗೆ ಬಂದದ್ದು ಎರಡು ಪುಟ್ಟ ಪೆಪ್ಟೈಡ್‌ಗಳು. ಪ್ರೋಟೀನು ಅಮೈನೊ ಆಮ್ಲಗಳ ಉದ್ದನೆಯ ಸರಪಣಿಯಾದರೆ ಪೆಪ್ಟೈಡ್ ಅದರ ತುಂಡು ಎನ್ನಬಹುದು. ಇವುಗಳಲ್ಲಿ ತಲಾ 23 ಕೊಂಡಿಗಳು ಮಾತ್ರ. ಹೀಬ್ರೂ ಭಾಷೆಯಲ್ಲಿ ಗುರಾಣಿ ಎಂಬ ಅರ್ಥ ಕೊಡುವ ಪದದಿಂದ ಅವಕ್ಕೆ 'ಮೆಗೇನಿನ್' ಎಂದು ಹೆಸರಿಟ್ಟು 1987ರಲ್ಲಿ ಪ್ರಕಟಿಸಿದರು. ಕಪ್ಪೆಯ ಚರ್ಮದ ಗ್ರಂಥಿಗಳಲ್ಲಿ ಇವು ಸಿದ್ಧವಾಗಿ ಕೂತಿರುತ್ತವೆ. ಪೆಟ್ಟು ಬಿದ್ದರೆ, ಹೆದರಿದರೆ ಹಾಲಿನಂಥ ದ್ರವವಾಗಿ ಮೈಮೇಲೆ ಹರಡುತ್ತವೆ.

ಪತ್ತೆಯಾದದ್ದು ಒಂದು ಕಥೆ. ಇವು ಕೊಲ್ಲುವ ಬಗೆ ಇನ್ನೂ ಸ್ವಾರಸ್ಯದ್ದು.

ಚೀಲವೇ ಪ್ರಾಣ

ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಮೇಸ್ತ್ರಿಯ ಕೈ ಹಿಡಿಯುತ್ತದೆ. ಟೆಟ್ರಾಸೈಕ್ಲಿನ್ ಅದರ ಒಳಗಿನ ಪ್ರೋಟೀನ್ ಕಾರ್ಖಾನೆಯನ್ನು ನಿಲ್ಲಿಸುತ್ತದೆ. ನಮ್ಮ ಹೆಚ್ಚಿನ ಔಷಧಗಳೆಲ್ಲ ಹೀಗೆ ಯಾವುದೋ ಒಂದು ಯಂತ್ರದ ಒಂದು ಕೀಲನ್ನು ಗುರಿಯಿಟ್ಟವು. ಮೆಗೇನಿನ್ ಹಾಗಲ್ಲ. ಅದು ಚೀಲವನ್ನೇ ಹರಿಯುತ್ತದೆ.

ಬ್ಯಾಕ್ಟೀರಿಯಾ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಒಂದು ನೀರಿನ ಚೀಲ. ಚೀಲದ ಬಟ್ಟೆಯೇ ಕೋಶಪೊರೆ. ದಪ್ಪ ನಾಲ್ಕೈದು ನ್ಯಾನೊಮೀಟರ್. ಇಂಥ ಇಪ್ಪತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ದಪ್ಪವಾದೀತು. ಅದನ್ನು ಹೆಣೆದಿರುವುದು ವಿಚಿತ್ರ ಸ್ವಭಾವದ ಕೊಬ್ಬಿನ ಅಣುಗಳಿಂದ. ಒಂದೊಂದು ಅಣುವಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರೆಂದರೆ ಆಗದು. ಹಲಸಿನ ಹಣ್ಣು ಬಿಡಿಸಿದವರಿಗೆ ಗೊತ್ತು, ಕೈಗಂಟಿದ ಮೇಣ ಎಷ್ಟು ನೀರು ಹೊಯ್ದರೂ ಹೋಗುವುದಿಲ್ಲ. ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿದರೆ ಜಾರಿಕೊಂಡು ಬರುತ್ತದೆ. ಜಿಡ್ಡಿಗೆ ಜಿಡ್ಡೇ ನೆಂಟ. ಹಾಗೆಯೇ ಇಲ್ಲಿ ಬಾಲಗಳೆಲ್ಲ ಒಂದರೊಡನೊಂದು ಒಳಮುಖವಾಗಿ ಸೇರಿಕೊಂಡು ತಲೆಗಳು ಹೊರಗಿನ ನೀರಿಗೂ ಒಳಗಿನ ನೀರಿಗೂ ಮುಖ ಮಾಡಿ ನಿಲ್ಲುತ್ತವೆ. ಎರಡು ಸಾಲು ತಲೆ, ನಡುವೆ ಎಣ್ಣೆ.

ಈ ತೆಳು ಪೊರೆ ಬರಿಯ ಹೊದಿಕೆಯಲ್ಲ, ಬ್ಯಾಟರಿ ಕೂಡ. ಬ್ಯಾಕ್ಟೀರಿಯಾ ಸದಾ ಪ್ರೋಟಾನುಗಳನ್ನು ಹೊರಗೆ ದಬ್ಬುತ್ತಿರುತ್ತದೆ. ಅದರಿಂದ ಪೊರೆಯ ಒಳಬದಿ ಹೊರಬದಿಗಿಂತ ಸುಮಾರು 0.14 ವೋಲ್ಟ್‌ನಷ್ಟು ಋಣ. ಅಷ್ಟೇನಾ ಎನ್ನಬೇಡಿ. ಗಣಿತ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ನಾಲ್ಕೂವರೆ ನ್ಯಾನೊಮೀಟರ್‌ಗೆ 0.14 ವೋಲ್ಟ್ ಎಂದರೆ ಸೆಂಟಿಮೀಟರ್‌ಗೆ ಮೂರು ಲಕ್ಷ ವೋಲ್ಟ್! ಒಣ ಗಾಳಿಯಲ್ಲಿ ಕಿಡಿ ಹಾರಲು ಇದರ ಹತ್ತರಲ್ಲೊಂದು ಪಾಲು ಸಾಕು. ಬ್ಯಾಕ್ಟೀರಿಯಾ ತನ್ನ ಆಹಾರ ಒಳಗೆಳೆದುಕೊಳ್ಳುವುದು, ಶಕ್ತಿ ತಯಾರಿಸುವುದು, ಈಜುವುದು ಎಲ್ಲವೂ ಈ ಬ್ಯಾಟರಿಯಿಂದಲೇ. ಪೊರೆಯಲ್ಲಿ ತೂತು ಬಿದ್ದರೆ ಬ್ಯಾಟರಿ ಖಾಲಿ.

ಈಗ ಮೆಗೇನಿನ್ ನೀರಿನಲ್ಲಿ ತೇಲಿ ಬರುತ್ತಿದೆ ಎಂದುಕೊಳ್ಳಿ. ಆಗ ಅದಕ್ಕೊಂದು ನಿಶ್ಚಿತ ಆಕಾರವೇ ಇಲ್ಲ, ಒದ್ದೆಯಾದ ನೂಲಿನ ತುಂಡು. ಅದರ 23 ಕೊಂಡಿಗಳಲ್ಲಿ ನಾಲ್ಕು ಲೈಸಿನ್ ಎಂಬ ಧನಾವೇಶದ ಕೊಂಡಿಗಳು. ಬ್ಯಾಕ್ಟೀರಿಯಾದ ಪೊರೆಯಲ್ಲಿರುವ ಕೊಬ್ಬಿನ ತಲೆಗಳಲ್ಲಿ ಗಣನೀಯ ಪಾಲು ಋಣಾವೇಶದವು. ಮುಂದಿನದನ್ನು ಹೈಸ್ಕೂಲಿನ ಪಾಠವೇ ಹೇಳುತ್ತದೆ: ಧನ, ಋಣ ಸೆಳೆದುಕೊಳ್ಳುತ್ತವೆ. ನೂಲಿನ ತುಂಡು ಹೋಗಿ ಪೊರೆಯ ಮೇಲೆ ಬೀಳುತ್ತದೆ.

ಬಿದ್ದೊಡನೆ ಅದರ ರೂಪವೇ ಬದಲಾಗುತ್ತದೆ. ನೂಲು ಸುರುಳಿ ಸುತ್ತಿಕೊಂಡು ಸುಮಾರು ಮೂರೂವರೆ ನ್ಯಾನೊಮೀಟರ್ ಉದ್ದದ ಗಟ್ಟಿ ಕೋಲಾಗುತ್ತದೆ. ಸುರುಳಿಯ ಚಮತ್ಕಾರ ನೋಡಿ: ಒಂದು ಪೆನ್ಸಿಲಿನ ಉದ್ದಕ್ಕೂ ಅರ್ಧ ಮೈಗೆ ಎಣ್ಣೆ ಬಳಿದು ಉಳಿದರ್ಧವನ್ನು ಹಾಗೆಯೇ ಬಿಟ್ಟಂತೆ, ಕೋಲಿನ ಒಂದು ಪಕ್ಕದಲ್ಲಿ ಜಿಡ್ಡು ಬಯಸುವ ಕೊಂಡಿಗಳು, ಇನ್ನೊಂದು ಪಕ್ಕದಲ್ಲಿ ನೀರು ಬಯಸುವ, ಧನಾವೇಶದ ಕೊಂಡಿಗಳು. ಜಿಡ್ಡಿನ ಪಕ್ಕ ಪೊರೆಯೊಳಗೆ ಅರ್ಧ ಹೂತುಕೊಳ್ಳುತ್ತದೆ. ಕೋಲು ಅಡ್ಡಡ್ಡಲಾಗಿ ಮಲಗುತ್ತದೆ.

ಒಂದು ಕೋಲಿನಿಂದ ಏನೂ ಆಗದು. ಹತ್ತರಿಂದಲೂ ಆಗದು. ಆದರೆ ಒಂದೊಂದು ಕೋಲೂ ತಲೆಗಳ ಸಾಲನ್ನು ಅಷ್ಟಷ್ಟು ಅಗಲಿಸುತ್ತದೆ. ಪೊರೆ ಹಿಗ್ಗುತ್ತದೆ, ತೆಳ್ಳಗಾಗುತ್ತದೆ. ಅವುಗಳ ಸಂಖ್ಯೆ ಒಂದು ಮಿತಿ ದಾಟಿದಾಗ, ಮಲಗಿದ್ದ ಕೋಲುಗಳು ಎದ್ದು ನಿಂತು ಪೊರೆಯನ್ನು ತೂರುತ್ತವೆ. ರಂಧ್ರ ತೆರೆದುಕೊಳ್ಳುತ್ತದೆ.

ಆ ರಂಧ್ರ ಹೇಗಿರುತ್ತದೆ ಎನ್ನುವುದರ ಬಗ್ಗೆ ವಿಜ್ಞಾನಿಗಳ ನಡುವೆ ಸಾಕಷ್ಟು ಜಗಳ ನಡೆದಿದೆ. ಹಳೆಯ ಕಲ್ಪನೆ ಪೀಪಾಯಿಯದು. ಪೆಪ್ಟೈಡ್ ಕೋಲುಗಳು ಪೀಪಾಯಿಯ ಹಲಗೆಗಳಂತೆ ವೃತ್ತಾಕಾರವಾಗಿ ನಿಂತು ನಡುವೆ ಕೊಳವೆಯಾಗುತ್ತದೆ ಎಂಬುದು. ಅಲಮೆಥಿಸಿನ್ ಎಂಬ ಬೂಸ್ಟಿನ ಪೆಪ್ಟೈಡ್ ಹಾಗೆಯೇ ಮಾಡುತ್ತದೆ. (ಆ ಬಗೆಯ ಪೆಪ್ಟೈಡ್‌ಗಳ ಬಗ್ಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರ ಬಳಗ ಬಹಳ ಕೆಲಸ ಮಾಡಿದೆ. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್‌ಗಳನ್ನು ಹೈದರಾಬಾದಿನ ಸಿಸಿಎಂಬಿಯಲ್ಲಿ ಆರ್. ನಾಗರಾಜ್ ಅವರ ತಂಡ ವರ್ಷಗಟ್ಟಲೆ ಅಭ್ಯಸಿಸಿದೆ.) ಆದರೆ ಮೆಗೇನಿನ್‌ನ ರಂಧ್ರ ಪೀಪಾಯಿಯಲ್ಲ ಎಂದು 1996ರಲ್ಲಿ ಜಪಾನಿನ ಮತ್ಸುಜಾಕಿ ಹಾಗೂ ಅಮೆರಿಕದ ಹುವಾಂಗ್ ಅವರ ತಂಡಗಳು ಬೇರೆ ಬೇರೆಯಾಗಿಯೇ ತೋರಿಸಿದವು. ಅದನ್ನು ಅರ್ಥ ಮಾಡಿಕೊಳ್ಳಲು ಉದ್ದಿನ ವಡೆ ಸಾಕು. ವಡೆಯ ಮೇಲಿನ ಗರಿಗರಿ ಸಿಪ್ಪೆ ತೂತಿನೊಳಗೆ ಬಾಗಿ ಇಳಿದು, ಅಲ್ಲಿಂದಲೇ ಕೆಳಗಿನ ಸಿಪ್ಪೆಯಾಗಿ ಮುಂದುವರಿಯುತ್ತದಲ್ಲ, ಹಾಗೆ ಪೊರೆಯ ಹೊರಸಾಲಿನ ತಲೆಗಳು ಬಾಗಿ ಒಳಸಾಲಿಗೆ ಕೂಡಿಕೊಳ್ಳುತ್ತವೆ. ತೂತಿನ ಗೋಡೆಯಲ್ಲಿ ಪೆಪ್ಟೈಡೂ ಇದೆ, ಕೊಬ್ಬಿನ ತಲೆಗಳೂ ಇವೆ. ಇನ್ನು ಕೆಲವು ಪೆಪ್ಟೈಡ್‌ಗಳು ರಂಧ್ರದ ಗೋಜಿಗೇ ಹೋಗದೆ ಜಮಖಾನದಂತೆ ಹರಡಿಕೊಂಡು, ಸೋಪು ಜಿಡ್ಡನ್ನು ಒಡೆಯುವ ಹಾಗೆ ಪೊರೆಯನ್ನೇ ಚೂರು ಚೂರು ಮಾಡುತ್ತವೆ ಎನ್ನುತ್ತಾರೆ. ಕೆಲವು ಒಳಗೆ ನುಸುಳಿ ಡಿಎನ್‌ಎಗೂ ಕೈ ಹಾಕುತ್ತವೆ. ಯಾವ ದಾರಿಯಾದರೇನು, ಪೊಟ್ಯಾಸಿಯಂ ಹೊರಗೆ ಸೋರಿ, ಬ್ಯಾಟರಿ ಸೊನ್ನೆಗಿಳಿದು ನಿಮಿಷಗಳಲ್ಲಿ ಬ್ಯಾಕ್ಟೀರಿಯಾದ ಕಥೆ ಮುಗಿಯುತ್ತದೆ.

ಕನ್ನಡಿಯೊಳಗಿನ ಬೀಗದ ಕೈ

ಪೆಪ್ಟೈಡ್ ನಿಜಕ್ಕೂ ಪೊರೆಯನ್ನೇ ಹರಿಯುತ್ತದೆಯೇ ಅಥವಾ ಪೊರೆಯ ಮೇಲಿನ ಯಾವುದೋ ಪ್ರೋಟೀನಿನ ಬೀಗಕ್ಕೆ ಕೈಯಂತೆ ಹೊಕ್ಕು ಕೆಲಸ ಮಾಡುತ್ತದೆಯೇ? ಈ ಅನುಮಾನ ಬಗೆಹರಿಸಿದ ಪ್ರಯೋಗವನ್ನು ವಿದ್ಯಾರ್ಥಿಗಳು ಅಗತ್ಯವಾಗಿ ತಿಳಿದಿರಬೇಕು. ಅಷ್ಟು ಸರಳ, ಅಷ್ಟು ಚೆಂದ.

ಅಮೈನೊ ಆಮ್ಲಗಳಿಗೆ ಎಡಗೈ ಬಲಗೈಗಳ ಹಾಗೆ ಎರಡು ರೂಪಗಳುಂಟು. ಜೀವಿಗಳ ಪ್ರೋಟೀನುಗಳಲ್ಲಿ ಇರುವುದೆಲ್ಲ ಎಡ ರೂಪದವು. ಬರಿಯ ಬಲ ರೂಪದವುಗಳಿಂದ ಅದೇ ಪೆಪ್ಟೈಡನ್ನು ಕಟ್ಟಿದರೆ? ಅದು ಮೂಲದ ಕನ್ನಡಿ ಬಿಂಬ. ಕನ್ನಡಿಯೊಳಗಿನ ಬೀಗದ ಕೈ ನಿಮ್ಮ ಮನೆಯ ಬೀಗವನ್ನು ತೆರೆಯದು. ಪೆಪ್ಟೈಡ್ ಕೆಲಸ ಮಾಡುವುದು ಬೀಗ-ಕೈಯ ರೀತಿಯಲ್ಲಾದರೆ ಬಿಂಬದ ಪೆಪ್ಟೈಡ್ ಸೋಲಬೇಕು. ಪೊರೆಯ ಕೊಬ್ಬಿಗೋ ಎಡ ಬಲದ ಹಂಗು ಅಷ್ಟಿಲ್ಲ. ಪೆಪ್ಟೈಡ್ ಸಂಶ್ಲೇಷಣೆಯ ಹೊಸ ವಿಧಾನಕ್ಕಾಗಿ 1984ರಲ್ಲಿ ನೊಬೆಲ್ ಪಡೆದಿದ್ದ ಮೆರಿಫೀಲ್ಡ್ ಮತ್ತು ಸ್ವೀಡನ್ನಿನ ಹಾನ್ಸ್ ಬೋಮನ್ ಅವರ ತಂಡ 1990ರಲ್ಲಿ ಇಂಥ ಬಿಂಬಗಳನ್ನು ತಯಾರಿಸಿ ಪರೀಕ್ಷಿಸಿತು. ಬಿಂಬವೂ ಅಷ್ಟೇ ಚೆನ್ನಾಗಿ ಕೊಂದಿತು. ಬೀಗ ಇಲ್ಲ ಎಂದಾಯಿತು.

ಹಾಗಾದರೆ ಈ ಪೆಪ್ಟೈಡ್ ಕಪ್ಪೆಯ ಸ್ವಂತ ಜೀವಕೋಶಗಳನ್ನೇಕೆ ಹರಿಯುವುದಿಲ್ಲ? ನಮ್ಮವನ್ನೇಕೆ ಹರಿಯುವುದಿಲ್ಲ? ಪ್ರಾಣಿಗಳ ಜೀವಕೋಶದಲ್ಲಿ ಋಣಾವೇಶದ ಕೊಬ್ಬು ಇದ್ದರೂ ಅದನ್ನು ಪೊರೆಯ ಒಳಸಾಲಿನಲ್ಲಿ ಬಚ್ಚಿಟ್ಟಿರುತ್ತದೆ. ಹೊರಗೆ ತೋರುವ ತಲೆಗಳು ಬಹುತೇಕ ತಟಸ್ಥ. ಜೊತೆಗೆ, ನಡುವಯಸ್ಸಿನ ಓದುಗರು ಹೆಸರು ಕೇಳಿದರೆ ಬೆಚ್ಚುವ ಕೊಲೆಸ್ಟೆರಾಲ್ ಇಲ್ಲಿ ಉಪಕಾರಿ. ಪೊರೆಯನ್ನು ಬಿಗಿಯಾಗಿ ಹಿಡಿದಿಟ್ಟು ತೂತು ಬೀಳದಂತೆ ನೋಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಕೊಲೆಸ್ಟೆರಾಲ್ ಇಲ್ಲ. ಎಲ್ಲ ಪೆಪ್ಟೈಡ್‌ಗಳಿಗೂ ಈ ವಿವೇಕ ಇದೆ ಎಂದಲ್ಲ. ಜೇನುನೊಣದ ವಿಷದಲ್ಲಿರುವ 26 ಕೊಂಡಿಗಳ ಮೆಲಿಟಿನ್ ಇದೇ ಜಾತಿಯದು, ಆದರೆ ಅದಕ್ಕೆ ನಮ್ಮ ಕೆಂಪು ರಕ್ತಕಣವೂ ಒಂದೇ, ಬ್ಯಾಕ್ಟೀರಿಯಾವೂ ಒಂದೇ. 1942ರಲ್ಲಿ ಮಾಸ್ಕೋದ ಗೌಜ಼್ ಮತ್ತು ಬ್ರಾಜ್ನಿಕೋವಾ ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ಗ್ರಾಮಿಸಿಡಿನ್-ಎಸ್ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಬಳಕೆಯಾಯಿತು. ಅದೂ ರಕ್ತಕಣ ಒಡೆಯುವುದರಿಂದ ಗಾಯದ ಮೇಲೆ ಹಚ್ಚಬಹುದಿತ್ತೇ ಹೊರತು ಚುಚ್ಚುವಂತಿರಲಿಲ್ಲ.

ರೇಷ್ಮೆ ಹುಳುವಿನಲ್ಲೂ

ಮೇಲೆ ಹೆಸರಿಸಿದ ಬೋಮನ್ ಈ ಕ್ಷೇತ್ರದಲ್ಲಿ ಝಾಸ್ಲಾಫ್‌ಗಿಂತ ಹಿರಿಯರು. ಅವರ ಪ್ರಾಣಿ ಕಪ್ಪೆಯಲ್ಲ, ಸಿಕ್ರೋಪಿಯಾ ಎಂಬ ಅಮೆರಿಕದ ದೊಡ್ಡ ರೇಷ್ಮೆ ಪತಂಗ. ಕೀಟಗಳ ರಕ್ತದಲ್ಲಿ ನಮ್ಮಲ್ಲಿರುವಂತೆ ಪ್ರತಿಕಾಯಗಳಿಲ್ಲ. ಆದರೂ ಕೋಶಾವಸ್ಥೆಯಲ್ಲಿರುವ ಪತಂಗಕ್ಕೆ ಬ್ಯಾಕ್ಟೀರಿಯಾ ಚುಚ್ಚಿದರೆ ಅದರ ರಕ್ತಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಬಂದುಬಿಡುತ್ತಿತ್ತು. ಆ ಗುಣದ ಹಿಂದಿದ್ದ ಪೆಪ್ಟೈಡನ್ನು 1981ರಲ್ಲಿ ಬೋಮನ್ ತಂಡ ಸಿಕ್ರೋಪಿನ್ ಎಂದು ಕರೆಯಿತು.

ರಾಮನಗರ, ಶಿಡ್ಲಘಟ್ಟದ ಕಡೆಯ ಓದುಗರು ಕಿವಿ ನಿಮಿರಿಸಬಹುದು. ನಮ್ಮ ಹಿಪ್ಪುನೇರಳೆ ರೇಷ್ಮೆ ಹುಳುವಿನಲ್ಲೂ ಸಿಕ್ರೋಪಿನ್‌ಗಳಿವೆ. ಸಾಲದ್ದಕ್ಕೆ 1995ರಲ್ಲಿ ಜಪಾನಿನವರು ಅದರಲ್ಲೇ ಮೊರಿಸಿನ್ ಎಂಬ 42 ಕೊಂಡಿಗಳ ಇನ್ನೊಂದು ಪೆಪ್ಟೈಡ್ ಕಂಡರು. ಇಷ್ಟೆಲ್ಲ ಇದ್ದೂ ಸಪ್ಪೆ ರೋಗ ಬಂದು ಹುಳು ಮನೆಗೆ ಮನೆಯೇ ಮಲಗುವುದುಂಟಲ್ಲ ಎಂದು ರೈತರು ಕೇಳಿಯಾರು. ಹೌದು. ಸೆಕೆ, ತೇವ, ಕೆಟ್ಟ ಸೊಪ್ಪಿನಿಂದ ಹುಳು ಸೊರಗಿದಾಗ ಬ್ಯಾಕ್ಟೀರಿಯಾಗಳ ದಂಡಿನ ಮುಂದೆ ಗುರಾಣಿ ನಿಲ್ಲದು.

ನಮ್ಮ ಮೈಯೂ ಇದರಿಂದ ಹೊರತಲ್ಲ. ರಕ್ತದ ಬಿಳಿಕಣಗಳಲ್ಲಿ ಡಿಫೆನ್ಸಿನ್‌ಗಳಿವೆ ಎಂದು 1985ರಲ್ಲೇ ಗೊತ್ತಾಯಿತು. ಕರುಳಿನ ಒಳಗೋಡೆಯಲ್ಲಿ, ಚರ್ಮದಲ್ಲಿ, ಕೊನೆಗೆ ಬೆವರಿನಲ್ಲಿ ಕೂಡ ಇಂಥ ಪೆಪ್ಟೈಡ್‌ಗಳು ಸಿಕ್ಕಿವೆ. ರಷ್ಯಾದ ಹಳ್ಳಿಗಳಲ್ಲಿ ಹಾಲು ಹುಳಿಯದಿರಲೆಂದು ಪಾತ್ರೆಗೆ ಕಪ್ಪೆ ಬಿಡುವ ಪದ್ಧತಿಯಿತ್ತಂತೆ. ಆ ಜಾತಿಯ ಕಪ್ಪೆಯ ಚರ್ಮದಲ್ಲಿ ಹತ್ತಾರು ಪೆಪ್ಟೈಡ್‌ಗಳನ್ನು ಮಾಸ್ಕೋದ ರಸಾಯನ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದರು. ನಮ್ಮ ಅಡುಗೆಮನೆಗಳಲ್ಲಿ ಇದನ್ನು ಯಾರೂ ಪ್ರಯತ್ನಿಸಲಾರರು, ಬಿಡಿ.

ಒಂದು ಪಂಥ, ಒಂದು ಸೋಲು

ಮೆಗೇನಿನ್ ಸುದ್ದಿ ಬಂದಾಗ ಎಲ್ಲರಿಗೂ ಆಸೆ ಗರಿಗೆದರಿತ್ತು. ಝಾಸ್ಲಾಫ್ ಔಷಧ ತಯಾರಿಗೆ ಇಳಿದರು. ಮೆಗೇನಿನ್ನನ್ನು ಸ್ವಲ್ಪ ತಿದ್ದಿ ಮಾಡಿದ ಪೆಕ್ಸಿಗನಾನ್ ಎಂಬ ಮುಲಾಮನ್ನು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪರೀಕ್ಷಿಸಲಾಯಿತು. ಈಗಾಗಲೇ ಇದ್ದ ಆಂಟಿಬಯಾಟಿಕ್ ಮಾತ್ರೆಗಿಂತ ಇದು ಮೇಲೆಂದು ಕಾಣಲಿಲ್ಲ. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಡಲಿಲ್ಲ. 2016ರ ಇನ್ನೊಂದು ಸುತ್ತಿನ ಪರೀಕ್ಷೆಯಲ್ಲೂ ಅದು ಸೋತಿತು. ಪೆಪ್ಟೈಡ್ ತಯಾರಿಸಲು ಖರ್ಚು ಜಾಸ್ತಿ, ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ, ರಕ್ತದಲ್ಲಿ ಬೇಗ ಕಳೆದುಹೋಗುತ್ತದೆ.

ಆದರೆ ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಮುಖ್ಯ ಘಟ್ಟ ಇದಲ್ಲ. ಬ್ಯಾಕ್ಟೀರಿಯಾ ಈ ಪೆಪ್ಟೈಡ್‌ಗಳಿಗೆ ನಿರೋಧ ಬೆಳೆಸಿಕೊಳ್ಳುವುದು ತೀರ ಅಸಂಭವ ಎಂದು ಝಾಸ್ಲಾಫ್ 2002ರಲ್ಲಿ ಬರೆದಿದ್ದರು. ವಾದ ಸರಿಯಾಗಿಯೇ ಕಾಣುತ್ತದೆ. ಒಂದು ಬೀಗ ಬದಲಾಯಿಸುವುದು ಸುಲಭ, ಇಡೀ ಮನೆಯ ಗೋಡೆಯನ್ನೇ ಬದಲಾಯಿಸುವುದು ಎಲ್ಲಿಂದ ಬಂತು? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಕಾಸ ವಿಜ್ಞಾನಿ ಗ್ರಹಾಂ ಬೆಲ್ ಇದನ್ನು ಒಪ್ಪಲಿಲ್ಲ. ಸಾಕಷ್ಟು ದಿನ ಒತ್ತಡ ಹೇರಿದರೆ ನಿರೋಧ ಬಂದೇ ಬರುತ್ತದೆ. ಅಷ್ಟೇ ಅಲ್ಲ, ಹಾಗೆ ಪಳಗಿದ ಬ್ಯಾಕ್ಟೀರಿಯಾ ನಮ್ಮದೇ ಮೈಯ ಪೆಪ್ಟೈಡ್‌ಗಳಿಗೂ ಬಗ್ಗದೆ ಹೋದೀತು ಎಂದು 2003ರಲ್ಲಿ ಎಚ್ಚರಿಸಿದರು.

ಇಬ್ಬರೂ ಪತ್ರಿಕೆಗಳಲ್ಲಿ ಕಿತ್ತಾಡುತ್ತ ಕೂರಬಹುದಿತ್ತು. ಬದಲಿಗೆ ಒಟ್ಟಾಗಿ ಪರೀಕ್ಷಿಸಿದರು. ಪೆಕ್ಸಿಗನಾನ್ ಬೆರೆಸಿದ ಆಹಾರದಲ್ಲಿ, ಪ್ರಮಾಣವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ, ಎರಡು ಜಾತಿಯ ಬ್ಯಾಕ್ಟೀರಿಯಾಗಳ 24 ವಂಶಗಳನ್ನು ಬೆಳೆಸಿದರು. ಆರೇಳು ನೂರು ತಲೆಮಾರುಗಳಾಗುವಷ್ಟರಲ್ಲಿ 24ರಲ್ಲಿ 22 ವಂಶಗಳು ನಿರೋಧ ಗಳಿಸಿದ್ದವು. 2006ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಬೆಲ್ ಹೆಸರಿನ ಜೊತೆ ಝಾಸ್ಲಾಫ್ ಹೆಸರೂ ಇದೆ. ತನ್ನ ಮಾತು ತಪ್ಪೆಂದು ತೋರಿಸಿದ ಲೆಕ್ಕಕ್ಕೆ ತಾನೇ ಸಹಿ ಹಾಕಿದ ಹಾಗೆ. ಬೆಲ್ ಅವರ ಎರಡನೆಯ ಆತಂಕವೂ ಸುಳ್ಳಾಗಲಿಲ್ಲ. ಪೆಕ್ಸಿಗನಾನ್‌ಗೆ ಪಳಗಿದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಮನುಷ್ಯರ ಒಂದು ಡಿಫೆನ್ಸಿನ್ನಿಗೂ ಬಗ್ಗದಂತಾದದ್ದನ್ನು ಇಂಗ್ಲೆಂಡಿನ ಸಂಶೋಧಕರು 2012ರಲ್ಲಿ ತೋರಿಸಿದರು.

ಗೋಡೆಯನ್ನು ಬದಲಾಯಿಸುವ ಉಪಾಯವಾದರೂ ಏನು? ಬಲು ಸರಳ: ಋಣಾವೇಶವನ್ನು ಮುಚ್ಚಿಡುವುದು. ಸ್ಟೆಫಿಲೊಕಾಕಸ್ ತನ್ನ ಪೊರೆಯ ಕೊಬ್ಬಿಗೆ ಧನಾವೇಶದ ಲೈಸಿನ್ ಅಂಟಿಸಿಕೊಳ್ಳುತ್ತದೆ. ಆಗ ಪೆಪ್ಟೈಡಿಗೆ ಸೆಳೆತವೇ ಇಲ್ಲ.

ಇದು ಪ್ರಯೋಗಾಲಯದ ಮಾತಾಯಿತೆಂದು ನಿಶ್ಚಿಂತರಾಗುವಂತಿಲ್ಲ. 1950ರ ಸುಮಾರಿಗೆ ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಕೊಲಿಸ್ಟಿನ್ ಕೂಡ ಪೊರೆ ಹರಿಯುವ ಪೆಪ್ಟೈಡೇ. ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆಯಿದೆ. ಅದರ ಋಣಾವೇಶದ ಅಣುಗಳ ನಡುವೆ ಮೆಗ್ನೀಸಿಯಂ ಗಾರೆಯಂತೆ ಕೂತಿರುತ್ತದೆ. ಕೊಲಿಸ್ಟಿನ್ ಆ ಗಾರೆಯನ್ನು ಕಿತ್ತು ಒಳಗೆ ಹೋಗುತ್ತದೆ. ಮೂತ್ರಪಿಂಡಕ್ಕೆ ಕೆಡುಕೆಂದು ಡಾಕ್ಟರುಗಳು ಅದನ್ನು ದಶಕಗಳ ಕಾಲ ಮೂಲೆಗಿಟ್ಟಿದ್ದರು. ಬೇರೆ ಔಷಧಗಳೆಲ್ಲ ಸೋಲತೊಡಗಿದ ಮೇಲೆ ಐಸಿಯುಗಳಲ್ಲಿ ಕೊನೆಯ ಆಸರೆಯೆಂದು ಮತ್ತೆ ಕೈಗೆತ್ತಿಕೊಂಡರು. ಆದರೆ ಅಷ್ಟರಲ್ಲಿ ಅನೇಕ ದೇಶಗಳಲ್ಲಿ ಹಂದಿ, ಕೋಳಿಗಳ ಮೇವಿಗೆ ಅದು ಧಾರಾಳವಾಗಿ ಬೆರೆತಿತ್ತು. 2015ರಲ್ಲಿ ಚೀನಾದ ಹಂದಿಗಳಲ್ಲಿದ್ದ ಇ. ಕೋಲಿಯಲ್ಲಿ ಎಂಸಿಆರ್-1 ಎಂಬ ಜೀನ್ ಸಿಕ್ಕಿತು. ಅದರ ಕೆಲಸ ಅದೇ ಹಳೆಯ ಉಪಾಯ, ಹೊರಪೊರೆಯ ಋಣಾವೇಶ ತಗ್ಗಿಸುವುದು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈಬದಲಾಗಬಲ್ಲ ಜೀನ್ ಅದು. ಭಾರತ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಎಂದು ಅಂದಾಜು. ಮೊನ್ನೆ ನಮ್ಮ ಬೀದಿಯ ಔಷಧ ಅಂಗಡಿಯಲ್ಲಿ ನೆಗಡಿಯಾದ ಹುಡುಗನೊಬ್ಬ ಚೀಟಿಯಿಲ್ಲದೆ 'ಎರಡು ದಿನದ್ದು ಸಾಕು' ಎಂದು ಆಂಟಿಬಯಾಟಿಕ್ ಕೊಂಡುಹೋದ. ನೆಗಡಿ ವೈರಸ್‌ನದು, ಆ ಮಾತ್ರೆಗೆ ಅಲ್ಲಿ ಕೆಲಸವೇ ಇಲ್ಲ. ಅವನ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಎರಡು ದಿನದ ತಾಲೀಮು.

ಪ್ರಯೋಗಾಲಯದಲ್ಲಿ ಆರೇಳು ನೂರು ತಲೆಮಾರಿಗೆ ಸೋತ ಪೆಪ್ಟೈಡ್, ಕೋಟ್ಯಂತರ ವರ್ಷಗಳಿಂದ ಕಪ್ಪೆಗೆ ಹೇಗೆ ಒದಗಿ ಬಂತು? ಝೆನೋಪಸ್‌ನ ಚರ್ಮದಿಂದ ಒಸರುವುದು ಮೆಗೇನಿನ್ ಒಂದೇ ಅಲ್ಲ. ಪಿಜಿಎಲ್‌ಎ ಮತ್ತಿತರ ಬೇರೆ ಬೇರೆ ರಚನೆಯ ಪೆಪ್ಟೈಡ್‌ಗಳು ಅದರೊಂದಿಗೆ ಏಕಕಾಲಕ್ಕೆ ಬರುತ್ತವೆ. ಮೆಗೇನಿನ್ ಮತ್ತು ಪಿಜಿಎಲ್‌ಎ ಬೆರೆತಾಗ ಅವುಗಳ ಬಲ ಎರಡನ್ನೂ ಕೂಡಿಸಿದ್ದಕ್ಕಿಂತ ಎಷ್ಟೋ ಹೆಚ್ಚು. ಅದೂ ಗಾಯವಾದಾಗ, ಹೆದರಿದಾಗ ಮಾತ್ರ, ಒಮ್ಮೆಲೇ ದಂಡಿಯಾಗಿ. ಆಮೇಲೆ ಚರ್ಮದಲ್ಲಿರುವ ಕಿಣ್ವಗಳೇ ಅವನ್ನು ಕತ್ತರಿಸಿ ಹಾಕುತ್ತವೆ.